ಹದಿನಾಲ್ಕನೇ ಬೆಡ್ಡಿನ ರೈಟ್ ಮಾರ್ಕು

ಮಾರ್ಚ್ 3, ಸೋಮವಾರ

ಹೊಸ ಆಫೀಸಿನ ಮೇಡಂ ಈ ಪುಸ್ತಕ ಕೊಟ್ಟು, "ಫೋನಲ್ಲಿ ಏನೇನು ತಪ್ಪು ಕಾಣಿಸುತ್ತೋ ಎಲ್ಲ ಇದರಲ್ಲಿ ಬರೀತಾ ಹೋಗು" ಎಂದರು. ಮುಂದಿನ ಕಡೆಯಿಂದ ಫೋನಿನ ತಪ್ಪುಗಳನ್ನು ಬರೆಯುತ್ತೇನೆ. ಪುಸ್ತಕವನ್ನು ತಲೆಕೆಳಗು ಮಾಡಿ ಹಿಂದಿನ ಕಡೆಯಿಂದ ನನ್ನ ವಿಷಯ ಬರೆದುಕೊಳ್ಳುತ್ತೇನೆ. ನೂರು ಹಾಳೆ ಇದೆ. ಇಬ್ಬರಲ್ಲಿ ಯಾರು ಮೊದಲು ನಡುವಿನ ಹಾಳೆ ಮುಟ್ಟುತ್ತೇವೋ ನೋಡಬೇಕು. ಫೋನಿಗಿಂತ ನನ್ನಲ್ಲೇ ತಪ್ಪು ಜಾಸ್ತಿ ಇರುವುದರಿಂದ ನಾನೇ ಗೆಲ್ಲಬಹುದು.

ಕೆಲಸ ಏನೆಂದರೆ, ಕುರ್ಚಿಯಲ್ಲಿ ಕೂತು ಫೋನು ಒತ್ತುವುದು. ಈ ಕಟ್ಟಡದ ಕೆಳಗಿನ ಕ್ಯಾಂಟೀನಿನಲ್ಲಿ ನಾನು ಮೂರು ವರ್ಷ ಟ್ರೇ ತೊಳೆದವಳು. ಮೇಲಿನ ಮಹಡಿಯವರು ಫೋನಿಗೆ ಆ್ಯಪ್ ಮಾಡುತ್ತಾರೆ ಎನ್ನುವುದು ಮಾತ್ರ ಗೊತ್ತಿತ್ತು. ಹೋದ ವಾರ ಮೇಡಂ ಕೆಳಗಿಳಿದು ಬಂದು ಕ್ಯಾಂಟೀನಿನ ಯಜಮಾನರನ್ನು ಕೇಳಿದರಂತೆ, "ಹೆಚ್ಚು ಓದಿರಬಾರದು, ಆದ್ರೆ ಓದೋಕೆ ಬರಬೇಕು. ಅಂಥೋರು ಯಾರಾದ್ರೂ ಇದ್ದಾರಾ?" ಯಜಮಾನರು ಹಿಂದೆ ಮುಂದೆ ನೋಡದೆ ನನ್ನ ಕಡೆ ಸೌಟು ತೋರಿಸಿದರು.

ಆಸ್ಪತ್ರೆಯ ವಾರ್ಡಿನಲ್ಲಿ ರೋಗಿಗಳಿಗೆ ಮಾತ್ರೆ ಕೊಡುವ ಸಹಾಯಕಿಯರಿಗಾಗಿ ಈ ಆ್ಯಪ್. ಅವರಲ್ಲಿ ಬಹಳ ಮಂದಿ ನನ್ನ ಹಾಗೆ ಐದನೇ ಕ್ಲಾಸಿಗೆ ಸ್ಕೂಲು ಬಿಟ್ಟವರು. ಹಾಗಾಗಿ ನನ್ನಂಥ ಒಬ್ಬಳು ಮೊದಲೇ ಒತ್ತಿ ನೋಡಬೇಕು. ಓದದೇ ಇರುವುದೇ ಅರ್ಹತೆಯಾದ ಕೆಲಸ ಭೂಮಿಯ ಮೇಲೆ ಇದೊಂದೇ ಇರಬೇಕು. ಅದೂ ನನಗೇ ಸಿಕ್ಕಿತು. ಒಂದು ತಿಂಗಳು ನೋಡುತ್ತಾರೆ. ಸರಿಹೋಗದಿದ್ದರೆ ಮತ್ತೆ ಕೆಳಗಿನ ಮಹಡಿ, ಸೋಪಿನ ನೀರು.

ಇವತ್ತು ಆಫೀಸಿನಲ್ಲಿ ಆಡಿದ ಮಾತು: ನಾಲ್ಕು. "ಹೂಂ", "ಹೂಂ ಮೇಡಂ", ಆಮೇಲೆ ಕುರ್ಚಿಗೆ ಡಿಕ್ಕಿ ಹೊಡೆದಾಗ "ಅಯ್ಯೋ". ಕುರ್ಚಿಗೆ ಹೇಳಿದ್ದನ್ನೂ ಲೆಕ್ಕಕ್ಕೆ ಹಿಡಿದಿದ್ದೇನೆ.

ಮಾರ್ಚ್ 4, ಮಂಗಳವಾರ

ಫೋನು ನನ್ನನ್ನು ಮನುಷ್ಯಳೆಂದು ಒಪ್ಪುತ್ತಿಲ್ಲ.

ಆ್ಯಪ್ ತೆರೆದರೆ ಒಂದು ಪಟ್ಟಿ ಬರುತ್ತದೆ. ವಾರ್ಡಿನಲ್ಲಿ ಮೂವತ್ತೆರಡು ಬೆಡ್ಡು, ಪಟ್ಟಿಯಲ್ಲಿ ಮೂವತ್ತೆರಡು ಸಾಲು. ಒಂದೊಂದು ಸಾಲಿನಲ್ಲೂ ಬೆಡ್ಡಿನ ನಂಬರು, ಮಾತ್ರೆ, ಹೊತ್ತು, ಪಕ್ಕದಲ್ಲಿ ಒಂದು ಖಾಲಿ ಚೌಕ. ಮಾತ್ರೆ ಕೊಟ್ಟಾದ ಮೇಲೆ ಚೌಕ ಒತ್ತಿದರೆ ರೈಟ್ ಮಾರ್ಕು ಬೀಳಬೇಕು. ನಾನು ಒತ್ತಿದೆ. ಬೀಳಲಿಲ್ಲ. ಇನ್ನೊಮ್ಮೆ ಒತ್ತಿದೆ. ಇಲ್ಲ. ಬಾಗಿಲು ಬಡಿದ ಹಾಗೆ ಬಡಿದೆ. ಇಲ್ಲ. ಎರಡನೇ ದಿನಕ್ಕೇ ಇಷ್ಟು ದೊಡ್ಡ ತಪ್ಪು ಹಿಡಿದೆನಲ್ಲ ಎಂದು ಎದೆಯುಬ್ಬಿಸಿಕೊಂಡು ಪುಸ್ತಕದ ಮುಂದಿನ ಹಾಳೆಯಲ್ಲಿ ದಪ್ಪಕ್ಷರದಲ್ಲಿ ಬರೆದೆ: ಚೌಕ ಕೆಲಸ ಮಾಡುವುದಿಲ್ಲ.

ಆ್ಯಪ್ ಬರೆಯುವವರು ಒಬ್ಬರೇ. ಅವರನ್ನು ಆಫೀಸಿನಲ್ಲಿ ಎಲ್ಲರೂ ಹಸಿರಣ್ಣ ಎನ್ನುತ್ತಾರೆ. ಅವರು ಬರೆದದ್ದು ಸರಿ ಇದೆಯೋ ಇಲ್ಲವೋ ಎಂದು ಅವರ ಕಂಪ್ಯೂಟರೇ ಪರೀಕ್ಷೆ ಮಾಡುತ್ತದೆ. ಪಾಸಾದರೆ ಹಸಿರು ಗೆರೆ, ಫೇಲಾದರೆ ಕೆಂಪು ಗೆರೆ. ಅವರದ್ದು ಯಾವಾಗಲೂ ಹಸಿರು. ನನ್ನ ಬರಹ ಓದಿ, ಫೋನು ಇಸಿದುಕೊಂಡು ಚೌಕ ಒತ್ತಿದರು. ಪಟ್ಟನೆ ರೈಟ್ ಮಾರ್ಕು ಬಿತ್ತು.

"ಕೈ ತೋರ್ಸಮ್ಮ" ಎಂದರು. ಡಾಕ್ಟರಿಗೆ ತೋರಿಸಿದ ಹಾಗೆ ತೋರಿಸಿದೆ. "ಏನಿದು, ಬೆರಳಾ ಉಪ್ಪುಕಾಗದಾನಾ?"

ಮೂರು ವರ್ಷದ ಸೋಪು ಬೆರಳಿನ ಚರ್ಮ ತಿಂದು ಒರಟು ಮಾಡಿದೆ. ಗಾಜಿಗೆ ನನ್ನ ಬೆರಳು ಗೊತ್ತೇ ಆಗುವುದಿಲ್ಲವಂತೆ. ಗಟ್ಟಿಯಾಗಿ ಒತ್ತಿ, ಸ್ವಲ್ಪ ಹೊತ್ತು ಹಿಡಿದುಕೊಂಡು, ಆಮೇಲೆ ಮೆಲ್ಲಗೆ ಎಳೆಯಬೇಕು. ಬೇರೆಯವರು ಪಟ್ಟಿಯನ್ನು ನೊಣ ಓಡಿಸಿದ ಹಾಗೆ ಒಂದು ಏಟಿಗೆ ಕೆಳಗೆ ಓಡಿಸುತ್ತಾರೆ. ನನ್ನದು ಬಾವಿಯಿಂದ ಕೊಡ ಎಳೆದ ಹಾಗೆ, ಒಂದೊಂದೇ ಸಾಲು ಮೇಲೆ ಬರುತ್ತದೆ. ಹೇಗೂ ನಾನು ಓದುವುದೂ ಒಂದೊಂದೇ ಸಾಲು. ಕಣ್ಣಿಗೆ ತಕ್ಕ ಬೆರಳು.

ಹಸಿರಣ್ಣ ನನಗೆ ನಿಧಾನಕ್ಕ ಎಂದು ಹೆಸರಿಟ್ಟಿದ್ದಾರೆ. ಸಾಯಂಕಾಲದ ಹೊತ್ತಿಗೆ ಕಾವಲುಗಾರನಿಗೂ ಗೊತ್ತಾಗಿತ್ತು.

ಮಾತು: ಸೊನ್ನೆ. ಕೈ ತೋರಿಸುವಾಗ ಮಾತು ಬೇಕಾಗಲಿಲ್ಲ.

ಮಾರ್ಚ್ 6, ಗುರುವಾರ

ತಪ್ಪು ಸಿಕ್ಕಲಿಲ್ಲ. ಊಟದ ಡಬ್ಬಿ ಮನೆಯಲ್ಲೇ ಬಿಟ್ಟು ಬಂದೆ. ಅದನ್ನು ಯಾವ ಕಡೆ ಬರೆಯುವುದೋ ತಿಳಿಯಲಿಲ್ಲ.

ಮಾತು: ಎರಡು.

ಮಾರ್ಚ್ 10, ಸೋಮವಾರ

ಇದನ್ನು ಮಧ್ಯಾಹ್ನ ಹಿಂದಿನ ಮೆಟ್ಟಿಲ ಮೇಲೆ ಕೂತು ಬರೆಯುತ್ತಿದ್ದೇನೆ. ಮನೆಯಲ್ಲಿ ಬರೆಯಲು ಆಗುವುದಿಲ್ಲ. ಒಂದೇ ಕೋಣೆ, ಅದರಲ್ಲಿ ಅಕ್ಕ, ಭಾವ, ನಾನು, ಭಾವನ ಹೊಲಿಗೆ ಮಿಷನ್ನು. ಭಾವ ಟೈಲರು. ಪೆನ್ನು ಹಿಡಿದರೆ ಸಾಕು, "ಆಫೀಸರಮ್ಮ ಏನ್ ಬರೀತಿದ್ದಾರೆ, ನಮ್ಮನ್ನ ಕೆಲಸದಿಂದ ತೆಗೆಯೋ ಆರ್ಡರಾ?" ಎನ್ನುತ್ತಾರೆ.

ನಿನ್ನೆ ಒಂದು ವಿಷಯ ಗೊತ್ತಾಯಿತು. ನಾನು ಒತ್ತುತ್ತಿರುವ ಆ್ಯಪ್ ಮೊದಲು ಬರುವುದು ಅಕ್ಕನ ವಾರ್ಡಿಗೇ. ಇದೇ ತಿಂಗಳ ಇಪ್ಪತ್ತನಾಲ್ಕಕ್ಕೆ.

ಅಕ್ಕ ಆ ವಾರ್ಡಿನ ಸಹಾಯಕಿ. ಅವಳು ಒಂದನೇ ಬೆಡ್ಡಿನಿಂದ ಮಾತ್ರೆ ಕೊಡುತ್ತಾ ಬರುತ್ತಾಳೆ, ಜೊತೆಯವಳು ಮೂವತ್ತೆರಡರಿಂದ ಹಿಂದಕ್ಕೆ ಬರುತ್ತಾಳೆ. ನಡುವೆ ಎಲ್ಲಿ ಸಂಧಿಸುತ್ತಾರೋ ಅಲ್ಲಿಗೆ ಕೆಲಸ ಮುಗಿಯಿತು. ಗುರುತು ಹಾಕುವ ಕಾಗದ ಮಾತ್ರ ಒಂದೇ. ಅದು ಯಾವಾಗಲೂ ಇನ್ನೊಬ್ಬಳ ಕೈಯಲ್ಲಿ. ಹೋದ ತಿಂಗಳು ಒಂಬತ್ತನೇ ಬೆಡ್ಡಿಗೆ ಇಬ್ಬರೂ ಮಾತ್ರೆ ಕೊಟ್ಟು, ಅಕ್ಕನನ್ನು ವಾರ್ಡಿನ ಎದುರಿಗೇ ನಿಲ್ಲಿಸಿ ಬೈದರು. ಇನ್ನೊಂದು ಸಲ ಹೀಗಾದರೆ ಕೆಲಸಕ್ಕೆ ಬರಬೇಡ ಎಂದರಂತೆ.

"ಈ ಫೋನು ಬಂದ್ರೆ ಸಾಕು ಕಣೇ" ಎಂದಳು ಅಕ್ಕ. "ಇಬ್ರ ಕೈಲೂ ಒಂದೊಂದು. ಅವಳು ಕೊಟ್ಟಿದ್ದು ನನಗೆ ಕಾಣುತ್ತೆ, ನಾನು ಕೊಟ್ಟಿದ್ದು ಅವಳಿಗೆ. ರೈಟ್ ಮಾರ್ಕು ಇದ್ರೆ ಮುಂದಕ್ಕೆ ಹೋಗೋದು, ಇಲ್ಲದಿದ್ರೆ ಕೊಡೋದು. ತಲೆ ಕೆಡಿಸ್ಕೊಳ್ಳೋ ಹಾಗೇ ಇಲ್ಲ."

"ಅದನ್ನ ನಮ್ಮ ನಾದಿನಿ ಪರೀಕ್ಷೆ ಮಾಡ್ತಿರೋದು. ಸ್ವಲ್ಪ ತಲೆ ಕೆಡಿಸ್ಕೊಂಡಿರು" ಎಂದರು ಭಾವ.

ಮಾತು: ಐದು.

ಮಾರ್ಚ್ 12, ಬುಧವಾರ

ಇವತ್ತು ಏನೋ ನೋಡಿದೆ. ನೋಡಿದೆನೋ ಇಲ್ಲವೋ ಗೊತ್ತಿಲ್ಲ.

ಮೂರನೇ ಬೆಡ್ಡಿಗೆ ರೈಟ್ ಮಾರ್ಕು ಹಾಕಿದೆ. ಪಟ್ಟಿಯನ್ನು ಎಂದಿನಂತೆ ಕೊಡ ಎಳೆದ ಹಾಗೆ ಎಳೆಯುತ್ತಾ, ಒಂದೊಂದು ಸಾಲನ್ನೂ ತುಟಿ ಅಲ್ಲಾಡಿಸಿ ಓದುತ್ತಾ ಹೋದೆ. ಹದಿನಾಲ್ಕನೇ ಬೆಡ್ಡು ಕೆಳಗಿನಿಂದ ಮೆಲ್ಲಗೆ ಮೇಲೆ ಬಂತು. ಬರುವಾಗಲೇ ರೈಟ್ ಮಾರ್ಕು ಹಾಕಿಕೊಂಡು ಬಂತು.

ನಾನು ಅದನ್ನು ಒತ್ತಿರಲಿಲ್ಲ. ಒತ್ತಿರಲಿಲ್ಲ ಎಂದುಕೊಂಡಿದ್ದೇನೆ. ಬಾಗಿಲಿಗೆ ಬೀಗ ಹಾಕಿದೆನೋ ಇಲ್ಲವೋ ಎಂದು ಬಸ್ ಸ್ಟಾಪಿನಿಂದ ವಾಪಸ್ ಓಡಿಬರುವವಳು ನಾನು. ನನ್ನ ಮಾತನ್ನು ನಾನೇ ನಂಬುವುದಿಲ್ಲ. ಮುಂದಿನ ಹಾಳೆಯಲ್ಲಿ ಪೆನ್ಸಿಲಿನಲ್ಲಿ ಬರೆದೆ, ಅಳಿಸಬಹುದಲ್ಲ ಎಂದು.

ಮಾತು: ಒಂದು.

ಮಾರ್ಚ್ 13, ಗುರುವಾರ

ಹೇಳಿದೆ! ಹೇಳಿದೆ ಎಂದರೆ, ಹಸಿರಣ್ಣನ ಕುರ್ಚಿಯ ಹಿಂದೆ ಹೋಗಿ ಕೆಮ್ಮಿದೆ. ಅವರು ನೆಗಡಿಯಾ ಎಂದು ಕೇಳಿದರು. ಪೆನ್ಸಿಲಿನ ಸಾಲು ತೋರಿಸಿದೆ.

"ಒತ್ತದೇ ಇರೋ ಬೆಡ್ಡಿಗೆ ಮಾರ್ಕು ಬೀಳುತ್ತಾ? ಹೆಂಗೆ ಬೀಳುತ್ತೆ, ಆಕಾಶದಿಂದ್ಲಾ?" ಎಂದು ಫೋನು ತೆಗೆದುಕೊಂಡರು. ಒಂದನೇ ಬೆಡ್ಡು ಒತ್ತಿದರು. ಒಂದು ಏಟಿಗೆ ಪಟ್ಟಿ ಕೊನೆಗೆ ಓಡಿತು. ಇಪ್ಪತ್ತನಾಲ್ಕರಿಂದ ಮೂವತ್ತೆರಡರವರೆಗೆ ಒಂಬತ್ತು ಸಾಲು, ಒಂಬತ್ತೂ ಖಾಲಿ. ಇನ್ನೊಂದು ಏಟಿಗೆ ಪಟ್ಟಿ ಮೇಲೆ ಬಂತು. ಒಂದಕ್ಕೆ ಮಾರ್ಕು ಇತ್ತು, ಉಳಿದವಕ್ಕೆ ಇಲ್ಲ.

"ಎಲ್ಲಿ?"

ಎಲ್ಲಿ ಎಂದರೆ ಎಲ್ಲಿಂದ ತರಲಿ? ಆಮೇಲೆ ತಮ್ಮ ಕಂಪ್ಯೂಟರಿನಲ್ಲಿ ಪರೀಕ್ಷೆ ಓಡಿಸಿದರು. ಅದು ತನ್ನಷ್ಟಕ್ಕೆ ತಾನೇ ಪಟ್ಟಿ ತೆರೆದು, ಒತ್ತಿ, ನೋಡಿ, ಮುಚ್ಚಿತು. ಹಸಿರು, ಹಸಿರು, ಹಸಿರು. ಹುಲ್ಲುಗಾವಲು.

"ಒತ್ತಿ ಹಿಡ್ಕೊಂಡು ಎಳೀತೀಯಲ್ಲ, ಬೆರಳು ಪಕ್ಕದ ಚೌಕಕ್ಕೆ ತಾಗಿರುತ್ತೆ ನಿಧಾನಕ್ಕ. ಕೈಗೆ ಸ್ವಲ್ಪ ಎಣ್ಣೆ ಹಚ್ಕೋ."

ಹಚ್ಚಿಕೊಂಡೆ. ಫೋನು ಕೈ ಜಾರಿ ಬಿತ್ತು. ಒಡೆಯಲಿಲ್ಲ ಎನ್ನುವುದೊಂದೇ ಇವತ್ತಿನ ಸಾಧನೆ.

ಮಾತು: ಲೆಕ್ಕ ಹಾಕಲು ಮನಸ್ಸಿಲ್ಲ. ಕೆಮ್ಮು: ಒಂದು.

ಮಾರ್ಚ್ 14, ಶುಕ್ರವಾರ

ಶುಕ್ರವಾರ ಎಲ್ಲರೂ ಉದ್ದ ಮೇಜಿನ ಸುತ್ತ ಕೂರಬೇಕು. ಮೇಡಂ ಒಬ್ಬೊಬ್ಬರನ್ನೇ ಕೇಳುತ್ತಾ ಬಂದರು. ನನ್ನ ಹತ್ತಿರ ಬರುವಷ್ಟರಲ್ಲಿ ನನ್ನ ಕಿವಿ ಕಾವಲಿಯಂತೆ ಕಾದಿತ್ತು.

"ಪಟ್ಟಿಯಲ್ಲಿ ಏನಾದ್ರೂ ತೊಂದ್ರೆ ಇದೆಯೇನಮ್ಮಾ?"

ಮೀಟಿಂಗಿಗೆ ಹೋಗುವ ಹತ್ತು ನಿಮಿಷ ಮುಂಚೆ ಮತ್ತೆ ನೋಡಿದ್ದೆ. ಎಣ್ಣೆಯಿಲ್ಲದ ಬೆರಳಿನಲ್ಲಿ, ಚೌಕಗಳಿಂದ ಬಹಳ ದೂರ ಹಿಡಿದು ಎಳೆದಿದ್ದೆ. ಹದಿನಾಲ್ಕನೇ ಬೆಡ್ಡು ಮತ್ತೆ ರೈಟ್ ಮಾರ್ಕು ಹಾಕಿಕೊಂಡು ಬಂದಿತ್ತು.

"ಇಲ್ಲ ಮೇಡಂ" ಎಂದೆ.

ಮಾತು: ಎರಡು. ಎರಡೂ ಬೇಡವಾಗಿತ್ತು.

ಮಾರ್ಚ್ 16, ಭಾನುವಾರ

ಭಾವ ಬಟ್ಟೆ ಅಂಗಡಿಗೆ ಹೋಗಿದ್ದಾರೆ. ಅಕ್ಕ ತಲೆಗೆ ನೀರು ಹಾಕಿಕೊಂಡು ಬಾಗಿಲ ಬಳಿ ಕೂದಲು ಒಣಗಿಸುತ್ತಿದ್ದಾಳೆ. ಮೂಲೆಯಲ್ಲಿ ಕೂತು ಇದನ್ನು ಬರೆಯುತ್ತಿದ್ದೇನೆ. ಅವಳಿಗೆ ಬೆನ್ನು ಹಾಕಿ ಕೂತಿದ್ದೇನೆ.

ಬೆಳಿಗ್ಗೆ ಅವಳು ವಾರ್ಡಿನ ಸುದ್ದಿ ಹೇಳುತ್ತಿದ್ದಳು. "ಹದಿನಾಲ್ಕನೇ ಬೆಡ್ಡಲ್ಲಿ ಒಂದು ಅಜ್ಜಿ ಬಂದಿದೆ. ಎದೆನೋವಿನ ಕೇಸು. ದಿನಕ್ಕೆ ಮೂರು ಸಲ ತಪ್ಪದೆ ಮಾತ್ರೆ ಕೊಡ್ಬೇಕು. ಆದ್ರೆ ಮಾತ್ರೆ ಕಹಿ ಅಂತೆ, ಅದಕ್ಕೆ ಎಂಥಾ ನಾಟ್ಕ ಗೊತ್ತಾ? ನಾನು ಹೋದ್ರೆ 'ಈಗಷ್ಟೇ ಆ ಹುಡುಗಿ ಕೊಟ್ಟುಹೋದ್ಲು ಕಣಮ್ಮ' ಅಂತದೆ. ಅವಳು ಹೋದ್ರೆ 'ಈಗಷ್ಟೇ ನಿಮ್ಮಕ್ಕ ಕೊಟ್ಲು' ಅಂತದೆ. ಮುಖ ನೋಡಿದ್ರೆ ದೇವರಂಥ ಮುಖ!"

ನಾನು ನಗಬೇಕಿತ್ತು. ಬಾಯಿ ತೆರೆದೆ, ನಗು ಬರಲಿಲ್ಲ.

"ಇನ್ನೊಂದು ವಾರ, ಆಮೇಲೆ ಅಜ್ಜಿಯ ಆಟ ನಡೆಯಲ್ಲ. ಫೋನು ನೋಡೋದು, ಮಾರ್ಕು ಇದೆಯಾ ಇಲ್ವಾ, ಅಷ್ಟೇ" ಎಂದಳು.

ಎಲ್ಲಾ ಬಿಟ್ಟು ಹದಿನಾಲ್ಕನೇ ಬೆಡ್ಡೇ ಆಗಬೇಕೇ? ಅಕ್ಕ ಮೂರನೇ ಬೆಡ್ಡಿಗೆ ಮಾತ್ರೆ ಕೊಟ್ಟು ಮಾರ್ಕು ಹಾಕುತ್ತಾಳೆ. ಪಟ್ಟಿ ಎಳೆಯುತ್ತಾ ಬರುತ್ತಾಳೆ. ಅಜ್ಜಿ "ಈಗಷ್ಟೇ ಕೊಟ್ಲು" ಎನ್ನುತ್ತಾಳೆ. ಫೋನು "ಹೌದು, ಕೊಟ್ಟಾಯಿತು" ಎನ್ನುತ್ತದೆ. ಅಕ್ಕ ಮುಂದಕ್ಕೆ ಹೋಗುತ್ತಾಳೆ. ಅಜ್ಜಿಗೆ ಒಬ್ಬಳು ಸುಳ್ಳುಸಾಕ್ಷಿ ಬೇಕಿತ್ತು. ನಾನು "ಇಲ್ಲ ಮೇಡಂ" ಎಂದು ತಯಾರು ಮಾಡಿ ಕಳಿಸುತ್ತಿದ್ದೇನೆ.

ಅಜ್ಜಿಗೆ ಏನಾದರೂ ಆದರೆ ಮೊದಲು ಹಿಡಿಯುವುದು ಅಕ್ಕನನ್ನು.

ಕೂದಲು ಒಣಗಿತು, ಹೆಣೆದುಕೊಡು ಎಂದು ಕರೆಯುತ್ತಿದ್ದಾಳೆ.

ಮಾರ್ಚ್ 17, ಸೋಮವಾರ

ಬೆಳಿಗ್ಗೆ ಎಲ್ಲರಿಗಿಂತ ಮೊದಲು ಆಫೀಸಿಗೆ ಬಂದೆ. ಎರಡು ಗಂಟೆ ಒತ್ತಿದೆ, ಎಳೆದೆ, ಬರೆದೆ.

ಮೂರು ಒತ್ತಿದರೆ ಹದಿನಾಲ್ಕು. ಇನ್ನೂ ಎಳೆದರೆ ಇಪ್ಪತ್ತೈದು.
ಐದು ಒತ್ತಿದರೆ ಹದಿನಾರು, ಆಮೇಲೆ ಇಪ್ಪತ್ತೇಳು.
ಎಂಟು ಒತ್ತಿದರೆ ಹತ್ತೊಂಬತ್ತು, ಆಮೇಲೆ ಮೂವತ್ತು.

ಹನ್ನೊಂದು ಹನ್ನೊಂದಾಗಿ ಜಿಗಿಯುತ್ತಿದೆ. ಸ್ಕೂಲಿನಲ್ಲಿ ಏಟು ತಿನ್ನದೆ ಹೇಳಿದ್ದು ಹನ್ನೊಂದರ ಮಗ್ಗಿ ಒಂದೇ. ಅಷ್ಟು ವರ್ಷ ಕಾದು ಇವತ್ತು ಉಪಯೋಗಕ್ಕೆ ಬಂತು. ಹಸಿರಣ್ಣ ಒತ್ತಿದ್ದು ಒಂದನ್ನು. ಅದು ಹನ್ನೆರಡಕ್ಕೂ ಇಪ್ಪತ್ತಮೂರಕ್ಕೂ ಹೋಗಿರುತ್ತದೆ. ಅವರು ಒಂದೇ ಏಟಿಗೆ ಕೆಳಗೆ ಓಡಿಸಿದಾಗ ಕಂಡದ್ದು ಇಪ್ಪತ್ತನಾಲ್ಕರಿಂದ. ಕಳ್ಳ ಒಂದೇ ಒಂದು ಸಾಲಿನಲ್ಲಿ ತಪ್ಪಿಸಿಕೊಂಡಿದ್ದಾನೆ.

ಹಾಗಾದರೆ ಅವರ ಕಂಪ್ಯೂಟರಿಗೆ ಯಾಕೆ ಸಿಗಲಿಲ್ಲ? ಅವರು ಬಂದ ಕೂಡಲೇ ಹೋಗಿ ಕೇಳಿದೆ. ಕೆಮ್ಮಲು ಮರೆತೆ.

"ಸರ್, ನಿಮ್ಮ ಪರೀಕ್ಷೆಯೊಳಗಿನ ಪಟ್ಟಿಯಲ್ಲಿ ಎಷ್ಟು ಬೆಡ್ಡು?"

"ಎಂಟು. ಯಾಕೆ?"

"ಫೋನಲ್ಲಿ ಒಂದು ಸಲಕ್ಕೆ ಒಂಬತ್ತು ಸಾಲು ಕಾಣುತ್ತೆ ಸರ್. ಎಂಟೇ ಇದ್ರೆ ಪಟ್ಟಿ ಎಳೆಯೋದೇ ಬೇಕಾಗಲ್ಲ. ಎಳೆದಾಗ್ಲೇ ಅಲ್ವಾ ತಪ್ಪಾಗೋದು?"

ಅವರು ಟೀ ಲೋಟ ಬಾಯಿಯ ತನಕ ತಂದವರು ಕುಡಿಯದೆ ಕೆಳಗಿಟ್ಟರು. ಆಮೇಲೆ ಬಿಗುಮಾನ ಬಂತು. "ಪರೀಕ್ಷೆಗೆ ಎಂಟು ಸಾಕಮ್ಮ. ಎಲ್ಲಾ ಕಡೆ ಹಂಗೇ ಮಾಡೋದು. ಮೂವತ್ತೆರಡು ಬೇಕಿದ್ರೆ ನೀನೇ ಬರ್ಕೊಡು, ನನಗೆ ಪುರುಸೊತ್ತಿಲ್ಲ."

ಅದು ತಮಾಷೆಯ ಮಾತು ಎಂದು ನನಗೆ ಹೊಳೆದದ್ದು ಸಾಯಂಕಾಲ ಬಸ್ಸಿನಲ್ಲಿ. ಅಷ್ಟರಲ್ಲಿ ಹನ್ನೆರಡು ಬೆಡ್ಡು ಬರೆದು ಮುಗಿಸಿದ್ದೆ.

ಮಾರ್ಚ್ 18, ಮಂಗಳವಾರ

ಹದಿಮೂರರಿಂದ ಮೂವತ್ತೆರಡು. ಮೂಲೆಯಲ್ಲಿದ್ದ ಹಳೇ ಕಂಪ್ಯೂಟರಿನಲ್ಲಿ ಒಂದೇ ಬೆರಳಿನಿಂದ ಹೊಡೆದೆ. ಕೀಲಿಗಳಿಗೆ ನನ್ನ ಬೆರಳಿನ ಮೇಲೆ ಯಾವ ತಕರಾರೂ ಇಲ್ಲ. ಯಾವ ಬೆಡ್ಡಿಗೆ ಎಷ್ಟು ಹೊತ್ತಿಗೆ ಮಾತ್ರೆ ಎಂದು ಅಕ್ಕನನ್ನು ಕೇಳಿಕೊಂಡು ಬಂದಿದ್ದೆ. ಇದೆಲ್ಲ ನಿನಗ್ಯಾಕೆ ಎಂದಳು. ಆಫೀಸಿನ ವಿಷಯ, ಹೊರಗೆ ಹೇಳುವ ಹಾಗಿಲ್ಲ ಎಂದೆ. ಭಾವ ಮಿಷನ್ನು ನಿಲ್ಲಿಸಿ ಎದ್ದು ನಿಂತು ಸಲಾಂ ಹೊಡೆದರು.

ಕೈ ನೋಯುತ್ತಿದೆ. ಇಷ್ಟು ಸಾಕು.

ಮಾರ್ಚ್ 19, ಬುಧವಾರ

ಹಸಿರಣ್ಣ ನನ್ನ ಮೂವತ್ತೆರಡು ಬೆಡ್ಡನ್ನು ನೋಡಿ ತಲೆ ಕೆರೆದುಕೊಂಡರು. ನಿಜವಾಗಿಯೂ ಬರೆದುಕೊಂಡು ಬರುತ್ತೇನೆಂದು ಅಂದುಕೊಂಡಿರಲಿಲ್ಲ ಪಾಪ. ಬರೆದ ಮೇಲೆ ಎಸೆಯಲೂ ಮನಸ್ಸು ಬರಲಿಲ್ಲ ಎಂದು ಕಾಣುತ್ತದೆ. ಕುರ್ಚಿ ಎಳೆದು, "ಕೂತ್ಕೋ. ಕಂಪ್ಯೂಟರು ಏನೇನ್ ಮಾಡ್ಬೇಕು, ಹೇಳು" ಎಂದರು.

"ಮೂರನೇ ಬೆಡ್ಡು ಒತ್ತಬೇಕು. ಹದಿನಾಲ್ಕು ಬರೋ ತನಕ ಮೆಲ್ಲಗೆ ಎಳೀಬೇಕು. ಹದಿನಾಲ್ಕರ ಚೌಕ ಖಾಲಿ ಇರ್ಬೇಕು."

"ಅಷ್ಟೇನಾ?"

"ಅಷ್ಟೇ ಸರ್."

ಅವರು ಹಾಗೇ ಬರೆದರು. ಓಡಿಸಿದರು. ಒಂದು ಕ್ಷಣ ಏನೂ ಆಗಲಿಲ್ಲ.

ಕೆಂಪು.

ಇಷ್ಟು ದಿನ ಅವರ ಪರದೆಯ ಮೇಲೆ ನೋಡದ ಬಣ್ಣ. ಅವರು ಮತ್ತೆ ಓಡಿಸಿದರು. ಕೆಂಪು. ಹಿಂದಿನ ಮೇಜಿನವರೊಬ್ಬರು ಬಗ್ಗಿ ನೋಡಿ, "ಏನಣ್ಣಾ, ಹಣ್ಣಾದ್ಯಾ?" ಎಂದು ನಕ್ಕರು. ಹಸಿರಣ್ಣ ನಗಲಿಲ್ಲ. ಕಿವಿಯೂ ಪರದೆಯ ಬಣ್ಣಕ್ಕೆ ತಿರುಗಿತ್ತು. ನನಗೆ ಗೆದ್ದ ಖುಷಿ ಬರುವ ಬದಲು, ಯಾರದ್ದೋ ಲೋಟ ಒಡೆದ ಹಾಗೆ ಭಯವಾಯಿತು.

ಆಮೇಲೆ ಅವರು ಹೇಳಿಕೊಟ್ಟರು. ಪಟ್ಟಿಯಲ್ಲಿ ಮೂವತ್ತೆರಡು ಸಾಲು ಇದೆ ಎಂದು ನಮಗೆ ಕಾಣುತ್ತದೆ. ಫೋನು ನಿಜವಾಗಿ ಮಾಡಿಟ್ಟುಕೊಂಡಿರುವುದು ಹನ್ನೊಂದೇ ಸಾಲು. ಮೇಲೆ ಮರೆಯಾದ ಸಾಲನ್ನು ತೆಗೆದುಕೊಂಡು, ಅದರಲ್ಲಿ ಬೇರೆ ಬೆಡ್ಡಿನ ವಿವರ ತುಂಬಿ, ಕೆಳಗಿನಿಂದ ಮತ್ತೆ ಕಳಿಸುತ್ತದೆ. ಹೀಗೆ ತುಂಬಿ ಕಳಿಸುವ ಭಾಗಕ್ಕೆ ಅಡಾಪ್ಟರ್ ಎನ್ನುತ್ತಾರಂತೆ.

ನನಗೆ ನಗು ಬಂತು. ಇದು ನಮ್ಮ ಕ್ಯಾಂಟೀನು! ದಿನಕ್ಕೆ ಐನೂರು ಜನ ಊಟ ಮಾಡುತ್ತಾರೆ, ಟ್ರೇ ಇರುವುದು ನಲವತ್ತು. ಒಬ್ಬರು ತಿಂದಿಟ್ಟ ಟ್ರೇಯಲ್ಲೇ ಇನ್ನೊಬ್ಬರಿಗೆ ಬಡಿಸುವುದು. ನಡುವೆ ನಾನು ಇರುತ್ತಿದ್ದೆ, ಅಷ್ಟೇ.

"ಸರ್, ನಿಮ್ಮ ಬಡಿಸೋನು ಟ್ರೇ ಒರೆಸ್ತಿಲ್ಲ" ಎಂದೆ. "ಮೂರನೆಯವರು ತಿಂದಿಟ್ಟ ಟ್ರೇಯಲ್ಲೇ ಹದಿನಾಲ್ಕನೆಯವರಿಗೆ ಬಡಿಸ್ತಿದ್ದಾನೆ. ನಂಬರು ಹೊಸದು, ಮಾತ್ರೆ ಹೊಸದು, ಕಲೆ ಮಾತ್ರ ಹಳೇದು."

ಅವರು ಬರೆದದ್ದನ್ನು ಹುಡುಕಿ ಓದಿದರು. "ಕೊಟ್ಟಿದ್ರೆ ಮಾರ್ಕು ಹಾಕು ಅಂತ ಬರ್ದಿದೀನಿ. ಕೊಟ್ಟಿಲ್ಲದಿದ್ರೆ ತೆಗಿ ಅಂತ ಬರ್ದೇ ಇಲ್ಲ" ಎಂದರು, ತಮಗೆ ತಾವೇ. ಕೂಡಲೇ, "ಆದ್ರೂ ಒಳಗಡೆ ಲೆಕ್ಕ ಸರಿಯಾಗೇ ಇದೆ. ಹದಿನಾಲ್ಕಕ್ಕೆ ಕೊಟ್ಟಿಲ್ಲ ಅಂತಾನೇ ಒಳಗಿರೋದು. ಬರೀ ಮೇಲ್ಗಡೆ ಕಾಣಿಸೋದಷ್ಟೇ ತಪ್ಪು" ಎಂದರು.

"ನಮ್ಮಕ್ಕ ಒಳಗಡೆ ನೋಡಲ್ಲ ಸರ್. ಮೇಲ್ಗಡೆ ಮಾತ್ರ ನೋಡ್ತಾಳೆ."

ಆಮೇಲೆ ಅಜ್ಜಿಯ ಕಥೆ ಹೇಳಿದೆ. ಕಹಿ ಮಾತ್ರೆ, ದೇವರಂಥ ಮುಖ, ಎಲ್ಲಾ. ಕೊನೆಯಲ್ಲಿ ಹಸಿರಣ್ಣನ ಮುಖ ಸಣ್ಣಗಾಯಿತು. "ಮೀಟಿಂಗು ನಾಳೆಗೇ ಇಡೋಕೆ ಮೇಡಂಗೆ ಹೇಳ್ತೀನಿ. ಶುಕ್ರವಾರದ ತನಕ ಕಾಯೋದು ಬೇಡ" ಎಂದು ಎದ್ದರು.

ಮಾರ್ಚ್ 20, ಗುರುವಾರ

ಮೀಟಿಂಗು ಇತ್ತು. ಹಸಿರಣ್ಣ ಶುರು ಮಾಡಲು ಗಂಟಲು ಸರಿಮಾಡಿಕೊಳ್ಳುತ್ತಿದ್ದರು. ಅವರು ಬಹಳ ತಡ ಮಾಡಿದ್ದರಿಂದ ನಾನೇ ಹೇಳಿಬಿಟ್ಟೆ.

ಕ್ಯಾಂಟೀನಿನಿಂದ ಮೂರು ಟ್ರೇ ತಂದಿದ್ದೆ. ಸೀಮೆಸುಣ್ಣದಲ್ಲಿ ನಂಬರು ಬರೆದು, ಒಂದರ ಮೇಲೆ ಎಣ್ಣೆಯ ಕಲೆ ಬಿಟ್ಟು, ಉದ್ದ ಮೇಜಿನ ಮೇಲೆ ಸರಿಸಿ ಸರಿಸಿ ತೋರಿಸಿದೆ. ಹನ್ನೊಂದರ ಮಗ್ಗಿ ಹೇಳಿದೆ. ಅಜ್ಜಿ ಅಕ್ಕನ ಹತ್ತಿರ ಹೇಗೆ ಮಾತಾಡುತ್ತಾಳೋ ಹಾಗೇ ಮಾತಾಡಿ ತೋರಿಸಿದೆ. ಎಲ್ಲರೂ ನಕ್ಕರು, ಆಮೇಲೆ ಯಾರೂ ನಗಲಿಲ್ಲ. ನಡುವೆ ಎರಡು ಲೋಟ ನೀರು ಕುಡಿಯಬೇಕಾಯಿತು, ಗಂಟಲು ಒಣಗಿತ್ತು. ಆ ಕೋಣೆಯ ಎ.ಸಿ. ಗಾಳಿ ನನಗೆ ಆಗಿಬರುವುದಿಲ್ಲ.

"ಇದು ಹೋದ ಶುಕ್ರವಾರಾನೇ ಗೊತ್ತಿತ್ತಾ ನಿಂಗೆ?" ಎಂದು ಕೇಳಿದರು ಮೇಡಂ.

ಹಸಿರಣ್ಣ ಬಾಯಿ ಹಾಕಿದರು. "ನಂಗೆ ಹೇಳಿದ್ಲು ಮೇಡಂ, ಅದರ ಹಿಂದಿನ ದಿನಾನೇ. ನಾನೇ ಬೆರಳು ಸರಿಯಿಲ್ಲ ಅಂದೆ."

"ಅವರಿಗೆ ಹೇಳಿದ್ದೆ. ನೀವು ಕೇಳಿದಾಗ ಇಲ್ಲ ಅಂದಿದ್ದು ಸುಳ್ಳು ಮೇಡಂ" ಎಂದೆ. "ಮತ್ತೆ ಕೆಳಗಡೆ ಕಳಿಸಿಬಿಡ್ತೀರಾ ಅಂತ ಹೆದ್ರಿಕೆಯಾಯ್ತು."

ಮೇಡಂ ಎಣ್ಣೆ ಹತ್ತಿದ ಟ್ರೇಯನ್ನು ಬೆರಳ ತುದಿಯಿಂದ ನನ್ನ ಕಡೆ ತಳ್ಳಿದರು. "ಇನ್ಮೇಲೆ ಇಲ್ಲ ಅನ್ನೋ ಮುಂಚೆ ಹತ್ತು ಸಲ ಯೋಚನೆ ಮಾಡು. ಇದೆ ಅನ್ನೋಕೆ ಒಂದು ಸಲಾನೂ ಬೇಡ. ಇದನ್ನ ಕೆಳಗೆ ಕೊಟ್ಟು ಬಾ, ತೊಳೆಯೋಕೆ ನಿಲ್ಬೇಡ."

ನಿಲ್ಲಲಿಲ್ಲ. ಆದರೆ ಕೆಳಗೆ ಇಳಿದಾಗ ಹೊಸಬಳು ಟ್ರೇಯ ಅಂಚು ಬಿಟ್ಟು ನಡುವೆ ಮಾತ್ರ ಉಜ್ಜುತ್ತಿದ್ದಳು. ಅಂಚಿನಲ್ಲೇ ಕಲೆ ಕೂರುವುದು ಎಂದು ಹೇಳಿ ಬಂದೆ.

ಮಾರ್ಚ್ 21, ಶುಕ್ರವಾರ

ಹಸಿರಣ್ಣ ಒಂದೇ ಸಾಲು ಸೇರಿಸಿದರು: ಕೊಟ್ಟಿಲ್ಲದಿದ್ದರೆ ಮಾರ್ಕು ತೆಗೆ. ಇಷ್ಟು ದಿನದ ರಂಪಾಟ ಒಂದು ಸಾಲಿಗೆ. ಪರೀಕ್ಷೆ ಹಸಿರಾಯಿತು. ಅವರು ಉಸಿರು ಬಿಟ್ಟರು. ನಾನು ಬಿಡಲಿಲ್ಲ.

"ಮೂರು ಒಂದೇ ಸಾಕಾಗಲ್ಲ ಸರ್, ಎಲ್ಲಾನೂ ಒತ್ತಿ ನೋಡ್ಬೇಕು. ಮೇಲಕ್ಕೆ ಎಳೆಯೋದೂ ನೋಡ್ಬೇಕು, ಇನ್ನೊಬ್ರು ಕೆಳಗಿಂದ ಬರ್ತಾರೆ. ಫೋನು ಅಡ್ಡ ತಿರುಗಿಸಿದ್ರೆ?"

"ಅಡ್ಡ ಯಾಕೆ ತಿರುಗಿಸ್ತಾರೆ ವಾರ್ಡಲ್ಲಿ?"

"ಮಲಗಿದೋರಿಗೆ ತೋರಿಸ್ಬೇಕಲ್ಲ ಸರ್. 'ನೋಡಜ್ಜಿ, ಇನ್ನೂ ಕೊಟ್ಟಿಲ್ಲ' ಅಂತ."

ಅಡ್ಡ ತಿರುಗಿಸಿದರೆ ಪಟ್ಟಿ ಹೇಳದೆ ಕೇಳದೆ ಒಂದನೇ ಬೆಡ್ಡಿಗೆ ವಾಪಸ್ ಹೋಯಿತು. ಹಸಿರಣ್ಣ ತಲೆಯನ್ನು ಮೇಜಿನ ಮೇಲಿಟ್ಟರು. "ನಿನ್ನನ್ನ ಕ್ಯಾಂಟೀನಲ್ಲೇ ಬಿಡ್ಬೇಕಿತ್ತು ನಿಧಾನಕ್ಕ." ಸಾಯಂಕಾಲದೊಳಗೆ ಅದೂ ಸರಿಯಾಯಿತು. ಇನ್ನೂ ಮೂರು ಸಣ್ಣ ಪುಟ್ಟವು ಇವೆ, ಎರಡರ ಬಗ್ಗೆ ನಾವಿಬ್ಬರೂ ಒಪ್ಪುತ್ತಿಲ್ಲ. ಒಂದರಲ್ಲಿ ಅವರದ್ದೇ ತಪ್ಪು.

ಬೇರೇನೂ ವಿಶೇಷವಿಲ್ಲ.

ಮಾರ್ಚ್ 24, ಸೋಮವಾರ

ಇವತ್ತು ಆ್ಯಪ್ ವಾರ್ಡಿಗೆ ಹೋಯಿತು. ದಿನವಿಡೀ ಆಫೀಸಿನಲ್ಲಿ ಕೂತಲ್ಲಿ ಕೂರಲಾಗಲಿಲ್ಲ. ಫೋನು ರಿಂಗಾದಾಗಲೆಲ್ಲ ಅಕ್ಕನನ್ನು ಕೆಲಸದಿಂದ ತೆಗೆದರೆಂದೇ ಅಂದುಕೊಂಡೆ. ಒಂದು ಸಲ ನೀರಿನ ಕ್ಯಾನಿನವನು, ಒಂದು ಸಲ ರಾಂಗ್ ನಂಬರು.

ಸಂಜೆ ಅಕ್ಕ ಬರುವ ಬಸ್ಸಿಗೆ ಸ್ಟಾಪಿನಲ್ಲೇ ಕಾದು ನಿಂತೆ. ಇದನ್ನು ಈಗ ಮನೆಯಲ್ಲೇ ಬರೆಯುತ್ತಿದ್ದೇನೆ. ಭಾವ ಪಕ್ಕದಲ್ಲೇ ಗುಂಡಿ ಹೊಲಿಯುತ್ತಿದ್ದಾರೆ, ಬಗ್ಗಿ ಬಗ್ಗಿ ನೋಡುತ್ತಿದ್ದಾರೆ. ನೋಡಲಿ, ಅವರಿಗೆ ನನ್ನ ಕೈಬರಹ ಹೇಗೂ ಓದಲು ಬರುವುದಿಲ್ಲ.

ಅಕ್ಕ ಬಸ್ಸಿನಿಂದ ಇಳಿಯುವ ಮೊದಲೇ ಶುರು ಮಾಡಿದಳು. "ಬೆಳಿಗ್ಗೆ ಅಜ್ಜಿ ಹತ್ರ ಹೋದೆ ಕಣೇ. 'ಈಗಷ್ಟೇ ಆ ಹುಡುಗಿ ಕೊಟ್ಟುಹೋದ್ಲು' ಅಂತು. ನಾನು ಫೋನು ನೋಡ್ದೆ. ಖಾಲಿ. ಅಡ್ಡ ತಿರುಗಿಸಿ ಅಜ್ಜಿಯ ಮುಖಕ್ಕೇ ಹಿಡಿದೆ. 'ನೋಡಜ್ಜಿ, ಇನ್ನೂ ಕೊಟ್ಟಿಲ್ಲ ಅಂತಿದೆ.' ಅಜ್ಜಿ ಫೋನು ನೋಡ್ತು, ನನ್ನ ನೋಡ್ತು, ಮತ್ತೆ ಫೋನು ನೋಡ್ತು. ಬಾಯಿ ತೆರೀತು. ನುಂಗ್ತು."

"ಏನೂ ಅನ್ನಲಿಲ್ವಾ?"

"ಅನ್ನದೇ ಬಿಡುತ್ತಾ? ಮಧ್ಯಾಹ್ನ ಒಂದ್ಸಲ ನುಂಗ್ತು, ಸಾಯಂಕಾಲ ಒಂದ್ಸಲ ನುಂಗ್ತು, ಎರಡ್ಸಲಾನೂ ಬೈತು. 'ಯಾವ ಮನೆಹಾಳಿ ಇದನ್ನ ಮಾಡಿದ್ದು? ಒಂದೇ ಒಂದು ಮಾತ್ರೆ ತಪ್ಪಿಸೋಕೆ ಬಿಡಲ್ವಲ್ಲ! ಅವಳ ಕೈಗಿಷ್ಟು ಹುಣ್ಣಾಗ!'"

ನಾನು ನನ್ನ ಹೆಬ್ಬೆರಳು ನೋಡಿಕೊಂಡೆ. ಅದಕ್ಕೆ ಇನ್ನೇನು ಆಗುವುದು ಬಾಕಿ ಇದೆ?

ಅಕ್ಕ ನಗುತ್ತಾ ಮುಂದೆ ನಡೆದಳು. ನಾನು ಅವಳ ಚೀಲ ಹೊತ್ತುಕೊಂಡು ಹಿಂದೆ ಬಂದೆ. ಹುಟ್ಟಿದಾಗಿನಿಂದ ಬೈಗುಳ ತಿಂದಿದ್ದೇನೆ, ಸ್ಕೂಲಿನಲ್ಲಿ, ಕ್ಯಾಂಟೀನಿನಲ್ಲಿ, ಮನೆಯಲ್ಲಿ. ಯಾರೂ ಇಷ್ಟು ಚೆನ್ನಾಗಿ ಬೈದಿರಲಿಲ್ಲ.